ಧಾತು ಈಶ್ವರದ ಬರ ಮತ್ತು ಕೋಲಾರದ ಹೆಣ್ಣುಮಕ್ಕಳ ಶಾಲೆ

ಕೋಲಾರ ಸೀಮೆಗೆ ವರ್ಷವಿಡೀ ಹರಿಯುವ ನದಿಯೆಂಬುದಿಲ್ಲ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಪಾಲಾರ್ ಈ ಜಿಲ್ಲೆಯನ್ನು ಹಾದುಹೋಗುತ್ತದೆಯಾದರೂ ಮಳೆಗಾಲ ಕಳೆದ ಮೇಲೆ ಅದರ ಪಾತ್ರದಲ್ಲಿ ಕಾಣುವುದು ಮರಳು ಮಾತ್ರ. ಆದ್ದರಿಂದಲೇ ನಮ್ಮ ಹಿರಿಯರು ಬಿದ್ದ ಮಳೆಯನ್ನೆಲ್ಲಾ ಕೆರೆಯಿಂದ ಕೆರೆಗೆ ಕೋಡಿ ಹರಿಸಿ ಹಿಡಿದಿಟ್ಟರು. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಕೋಲಾರ ಈ ನಾಲ್ಕು ತಾಲ್ಲೂಕುಗಳಲ್ಲಿ ಯಾವ ಹಳ್ಳಿಗೆ ಹೋದರೂ ಮೊದಲು ಕಣ್ಣಿಗೆ ಬೀಳುವುದು ಕೆರೆಯ ಏರಿ. ಆಮೇಲೆ ದೇವಾಲಯ, ಆಮೇಲೆ ಮನೆಗಳು. ಮಳೆ ಬಂದರೆ ಕೆರೆ ತುಂಬುತ್ತದೆ, ಕೆರೆ ತುಂಬಿದರೆ ರಾಗಿ, ಭತ್ತ, ಹಿಪ್ಪುನೇರಳೆ. ಮಳೆ ಬಾರದಿದ್ದರೆ ಏನೂ ಇಲ್ಲ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಂಥ ‘ಏನೂ ಇಲ್ಲ’ದ ವರ್ಷಗಳು ಒಂದರ ಹಿಂದೆ ಒಂದು ಬಂದವು. 1875ರಲ್ಲಿ ಮಳೆ ಕಡಿಮೆಯಾಯಿತು. 1876ರಲ್ಲಿ ಮುಂಗಾರೂ ಕೈಕೊಟ್ಟಿತು, ಹಿಂಗಾರೂ ಕೈಕೊಟ್ಟಿತು. 1877ರ ಮಳೆಯೂ ತಡವಾಯಿತು. ಪಂಚಾಂಗದಲ್ಲಿ ಈ ಎರಡು ವರ್ಷಗಳಿಗೆ ಧಾತು ಮತ್ತು ಈಶ್ವರ ಸಂವತ್ಸರಗಳೆಂದು ಹೆಸರು. ನಮ್ಮ ಹಳೆಯ ತಲೆಮಾರಿನವರು ಈ ಕ್ಷಾಮವನ್ನು ‘ಧಾತು ಈಶ್ವರದ ಬರ’ ಎಂದೇ ಕರೆಯುತ್ತಿದ್ದರು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷವನ್ನು ದಾಟಿತ್ತು. ಹತ್ತು ವರ್ಷಗಳ ನಂತರ, 1881ರಲ್ಲಿ ಎಣಿಸಿದಾಗ ಅದು ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಹುಟ್ಟಬೇಕಾಗಿದ್ದ ಮಕ್ಕಳನ್ನೂ ಲೆಕ್ಕಕ್ಕೆ ಹಿಡಿದರೆ ನಷ್ಟ ಹತ್ತು ಲಕ್ಷಕ್ಕೆ ಕಡಿಮೆಯಲ್ಲ. ಕೋಲಾರ ಜಿಲ್ಲೆಯು ತನ್ನ ಜನರಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲೊಂದು ಪಾಲನ್ನು ಕಳೆದುಕೊಂಡಿತು. ಬ್ರಿಟಿಷ್ ಕಮಿಷನರರ ಆಡಳಿತದಲ್ಲಿದ್ದ ಸಂಸ್ಥಾನವನ್ನು 1881ರಲ್ಲಿ ಚಾಮರಾಜ ಒಡೆಯರಿಗೆ ಮರಳಿ ಒಪ್ಪಿಸಿದಾಗ ಯುವಕ ಮಹಾರಾಜರಿಗೆ ರಾಜ್ಯದ ಜೊತೆಗೆ ಕ್ಷಾಮದ ಸಾಲವೂ ಬಂದಿತು.

ಪ್ರಿಯ ಓದುಗರೇ, ಈ ಅಂಕಿಗಳನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ. ಕೋಲಾರದ ಹೆಣ್ಣುಮಕ್ಕಳ ಶಾಲೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಯಾರೋ ಒಬ್ಬ ಮಹನೀಯರ ಆಗಮನದಿಂದ ಆರಂಭಿಸುತ್ತಾರೆ. ಆದರೆ ಆ ಶಾಲೆ ಹುಟ್ಟಿದ್ದು ಹಸಿವಿನಿಂದ. ಅದನ್ನು ಮರೆತರೆ ಮುಂದಿನ ಕಥೆ ಅರ್ಥವಾಗುವುದಿಲ್ಲ.

ದಿಕ್ಕಿಲ್ಲದ ಮಕ್ಕಳು

ಬರಗಾಲದಲ್ಲಿ ಮೊದಲು ಸಾಯುವವರು ಮುದುಕರು ಮತ್ತು ಹಸುಳೆಗಳು. ಅನಂತರ, ಇದ್ದ ಹಿಡಿ ರಾಗಿಯನ್ನು ಮಕ್ಕಳಿಗೆ ಉಣಿಸಿದ ತಂದೆತಾಯಿಯರು. ಕೊನೆಗೆ ಉಳಿಯುವುದು ಐದರಿಂದ ಹತ್ತು ವಯಸ್ಸಿನ, ಯಾರದೆಂದು ಹೇಳಲಾಗದ ಮಕ್ಕಳು. ಕೆಲಸ ಮತ್ತು ಗಂಜಿಯನ್ನು ಅರಸಿ ಹಳ್ಳಿಗಳಿಂದ ಹೊರಟ ಜನ ರಸ್ತೆಯ ಬದಿಯಲ್ಲೇ ಬಿದ್ದರು. ಮದರಾಸಿನಿಂದ ಬೆಂಗಳೂರಿಗೆ 1864ರಲ್ಲೇ ರೈಲು ಬಂದಿತ್ತು. ಮಾಲೂರಿನ ಮೂಲಕವೇ ಅದು ಹಾದುಹೋಗುತ್ತಿತ್ತು. ದವಸ ಆ ರೈಲಿನಲ್ಲಿ ಬಂದರೂ ಅದನ್ನು ಕೊಳ್ಳುವ ಕಾಸು ಹಳ್ಳಿಯವರಲ್ಲಿರಲಿಲ್ಲ. ಪರಿಹಾರದ ಕಾಮಗಾರಿಗಳಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು, ಎಂದರೆ ಸುಮಾರು 450 ಗ್ರಾಂ ಧಾನ್ಯ ಮತ್ತು ಮೇಲೊಂದಿಷ್ಟು ಚಿಲ್ಲರೆ ಸಾಕೆಂದು ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಸೂಚಿಸಿದಾಗ ಮದರಾಸಿನ ವೈದ್ಯಾಧಿಕಾರಿಗಳೇ ಪ್ರತಿಭಟಿಸಿದರು. ಗಂಡಾಳಿನ ಕೂಲಿಯೇ ಹೀಗಿದ್ದಾಗ ತಂದೆತಾಯಿಯಿಲ್ಲದ ಹುಡುಗಿಯ ಗತಿಯೇನು?

ಇಂಥ ಮಕ್ಕಳನ್ನು ಒಪ್ಪಿಸಿಕೊಳ್ಳಲು ಮುಂದೆ ಬಂದವರು ಬಹುಮಟ್ಟಿಗೆ ಮಿಷನ್ನಿನವರೇ. ನಮ್ಮ ಕಥೋಲಿಕ ಧರ್ಮಸಭೆಯ ಇತಿಹಾಸದಲ್ಲೂ ಈ ಅಧ್ಯಾಯವಿದೆ. ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಯ ಗುರುಗಳು ಆಗ ಮೈಸೂರು ಪ್ರಾಂತ್ಯದ ಹೊಣೆ ಹೊತ್ತಿದ್ದರು. ಧರ್ಮಾಧ್ಯಕ್ಷರಾಗಿದ್ದವರು ಜೋಸೆಫ್ ಶೆವಾಲಿಯೇ. ಬರಗಾಲದ ಅನಾಥ ಬಾಲಕರಿಗಾಗಿ ಜಮೀನು ಪಡೆದು ನೆಲಮಂಗಲ ತಾಲ್ಲೂಕಿನ ಶಿಲುವೆಪುರ, ಕನಕಪುರ ತಾಲ್ಲೂಕಿನ ಮರಿಯಾಪುರಗಳಲ್ಲಿ ಬೇಸಾಯದ ಊರುಗಳನ್ನು ಕಟ್ಟಲಾಯಿತು. ಹೆಣ್ಣುಮಕ್ಕಳ ಆರೈಕೆಗೆ ಧರ್ಮಭಗಿನಿಯರಿದ್ದರು. ಧರ್ಮಾಧ್ಯಕ್ಷ ಶಾರ್ಬೊನೊ ಅವರ ಆಹ್ವಾನದ ಮೇರೆಗೆ ಫ್ರಾನ್ಸಿನ ಆಂಜೆ ಪಟ್ಟಣದ ಗುಡ್ ಶೆಫರ್ಡ್ ಸಭೆಯ ಸೋದರಿಯರು 1854ರಲ್ಲೇ ಬೆಂಗಳೂರಿಗೆ ಬಂದು ನೆಲೆಸಿದ್ದರು. ಇಂದು ಶಿಲುವೆಪುರಕ್ಕೋ ಮರಿಯಾಪುರಕ್ಕೋ ಹಬ್ಬಕ್ಕೆ ಹೋಗುವ ನಮ್ಮಲ್ಲಿ ಎಷ್ಟು ಜನ, ಆ ಊರುಗಳ ತಳಪಾಯದಲ್ಲಿ ಧಾತು ಈಶ್ವರದ ಮಕ್ಕಳಿದ್ದಾರೆಂದು ನೆನೆಯುತ್ತೇವೆ?

ಕೋಲಾರದಲ್ಲಿ ಈ ಕೆಲಸ ಒಬ್ಬ ಇಂಗ್ಲಿಷ್ ಮಹಿಳೆಯ ಕೈಯಿಂದ ಆರಂಭವಾಯಿತು. ಅವರ ಹೆಸರು ಲೂಯಿಸಾ ಆನ್‌ಸ್ಟಿ. ಮೊದಲು ಲಂಡನ್ ಮಿಷನ್ನಿನ ಪರವಾಗಿ ಬೆಂಗಳೂರಿಗೆ ಬಂದಿದ್ದ ಈಕೆ ಆ ಸಂಸ್ಥೆಯಿಂದ ಹೊರಬಂದು, ಯಾವ ಮಂಡಳಿಯ ಸಂಬಳವೂ ಇಲ್ಲದೆ, ಸ್ವತಂತ್ರವಾಗಿ ಕೋಲಾರದಲ್ಲಿ ನೆಲೆ ನಿಂತರು. ಸ್ವದೇಶದ ಸ್ನೇಹಿತರು ಕಳುಹಿಸುವ ಕಾಣಿಕೆಯೊಂದೇ ಅವರ ಆದಾಯ. ಬರ ಬಂದಾಗ ಅವರ ಬಾಗಿಲಿಗೆ ಬಂದು ಬಿದ್ದ ಮಕ್ಕಳ ಸಂಖ್ಯೆ ಹತ್ತಾರಲ್ಲ, ನೂರಾರು. ಹುಡುಗರಿಗೆ ಬೇಸಾಯ ಮತ್ತು ಕೈಗೆಲಸ, ಹುಡುಗಿಯರಿಗೆ ಓದುಬರಹ, ಹೊಲಿಗೆ, ಅಡಿಗೆ ಎಂದು ಕಲಿಕೆ ನಡೆಯಿತು. ಕೋಲಾರದ ಹೆಣ್ಣುಮಕ್ಕಳ ಶಾಲೆಯ ಬೇರು ಇಲ್ಲಿದೆ.

ಈ ಘಟನೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಇನ್ನೊಂದು ಅಂಶ. ಬರ ಎರಡು ವರ್ಷದಲ್ಲಿ ಮುಗಿಯಿತು, ಮಕ್ಕಳು ಮುಗಿಯಲಿಲ್ಲ. ಮಳೆ ಬಂದ ಮೇಲೆ ಲಂಡನ್ನಿನ ಮ್ಯಾನ್ಷನ್ ಹೌಸ್ ನಿಧಿಗೆ ಹಣ ಕೊಟ್ಟ ದಾನಿಗಳ ಗಮನ ಬೇರೆಡೆಗೆ ಹರಿಯಿತು. ಆದರೆ ಏಳು ವರ್ಷದ ಹುಡುಗಿಗೆ ಇನ್ನೂ ಹತ್ತು ವರ್ಷ ಅನ್ನ, ಬಟ್ಟೆ, ಪಾಠ ಬೇಕಿತ್ತು. ಮರುಕ ಕ್ಷಣದಲ್ಲಿ ಹುಟ್ಟುತ್ತದೆ. ಸಾಕುವುದು ವರ್ಷಗಟ್ಟಲೆಯ ಕೆಲಸ. ಆನ್‌ಸ್ಟಿಯವರು ಹನ್ನೆರಡು ಹದಿಮೂರು ವರ್ಷಗಳ ಕಾಲ ಈ ಭಾರವನ್ನು ಹೊತ್ತರು. ಕೊನೆಗೆ 1890ರಲ್ಲಿ ತಮ್ಮ ಕಟ್ಟಡ, ಜಮೀನು, ಮಕ್ಕಳ ಹೊಣೆ ಎಲ್ಲವನ್ನೂ ಅಮೆರಿಕದ ಮೆಥೋಡಿಸ್ಟ್ ಎಪಿಸ್ಕೋಪಲ್ ಸಭೆಗೆ ವಹಿಸಿಕೊಟ್ಟರು. ಒಬ್ಬ ವ್ಯಕ್ತಿಯ ಕೈಯಲ್ಲಿರುವ ಕೆಲಸ ಆ ವ್ಯಕ್ತಿಯ ಆಯುಷ್ಯದಷ್ಟೇ ಉದ್ದ. ತಾವು ಕಟ್ಟಿದ್ದನ್ನು ತಮ್ಮ ಕಣ್ಣೆದುರಿಗೇ ಇನ್ನೊಬ್ಬರಿಗೆ ಬಿಟ್ಟುಕೊಡುವುದು ಎಷ್ಟು ಕಷ್ಟವೆಂಬುದನ್ನು, ಒಂದು ಧರ್ಮಕೇಂದ್ರದಿಂದ ಇನ್ನೊಂದಕ್ಕೆ ವರ್ಗವಾಗುವ ನಮ್ಮಂಥ ಗುರುಗಳು ಸ್ವಲ್ಪಮಟ್ಟಿಗಾದರೂ ಬಲ್ಲೆವು.

ಅಕ್ಷರದ ಮನೆ

ಮೆಥೋಡಿಸ್ಟ್ ಸಭೆಯ ಹೆಂಗಸರು 1869ರಲ್ಲಿ ಬಾಸ್ಟನ್ನಿನಲ್ಲಿ ತಮ್ಮದೇ ಆದ ಒಂದು ವಿದೇಶಿ ಮಿಷನರಿ ಸಂಘವನ್ನು ಸ್ಥಾಪಿಸಿಕೊಂಡಿದ್ದರು. ಅದೇ ವರ್ಷವೇ ಅದು ಭಾರತಕ್ಕೆ ಇಬ್ಬರನ್ನು ಕಳುಹಿಸಿತು. ಒಬ್ಬರು ವೈದ್ಯೆ ಕ್ಲಾರಾ ಸ್ವೇನ್, ಇನ್ನೊಬ್ಬರು ಶಿಕ್ಷಕಿ ಇಸಬೆಲ್ಲಾ ಥೋಬರ್ನ್. ಇಸಬೆಲ್ಲಾ ಅವರು 1870ರಲ್ಲಿ ಲಖನೌ ಪಟ್ಟಣದ ಅಮೀನಾಬಾದ್ ಬಜಾರಿನಲ್ಲಿ ಆರು ಹುಡುಗಿಯರೊಡನೆ ತೆರೆದ ಶಾಲೆ ಮುಂದೆ ಅವರ ಹೆಸರಿನ ಪ್ರಸಿದ್ಧ ಮಹಿಳಾ ಕಾಲೇಜಾಗಿ ಬೆಳೆಯಿತು. ಇದೇ ಸಂಘದ ಸೋದರಿಯರು ಕೋಲಾರದ ಹೆಣ್ಣುಮಕ್ಕಳ ವಸತಿ ಶಾಲೆಯ ಜವಾಬ್ದಾರಿಯನ್ನು ವಹಿಸಿಕೊಂಡರು. ಫ್ಯಾನಿ ಫಿಶರ್, ಫ್ಲಾರೆನ್ಸ್ ಮ್ಯಾಸ್ಕೆಲ್ ಮುಂತಾದವರ ಹೆಸರುಗಳು ಆ ಕಾಲದ ವರದಿಗಳಲ್ಲಿ ಕಾಣುತ್ತವೆ. ಗಂಡುಮಕ್ಕಳ ಕಡೆ ವಿಲಿಯಂ ಹಾಲಿಸ್ಟರ್ ಅವರು ಕೈಗಾರಿಕಾ ಶಾಲೆಯ ಕೆಲಸವನ್ನು ಬೆಳೆಸಿದರು. ಅಲ್ಲಿ ತಯಾರಾದ ಕಬ್ಬಿಣದ ನೇಗಿಲು ‘ಕೋಲಾರ ಮಿಷನ್ ನೇಗಿಲು’ ಎಂಬ ಹೆಸರಿನಿಂದ ರೈತರಲ್ಲಿ ಪರಿಚಿತವಾಗಿತ್ತು.

ಆ ಕಾಲದ ಪ್ರಯಾಣವನ್ನು ಊಹಿಸಿಕೊಳ್ಳಿ. ಹೊರನಾಡಿನಿಂದ ಬಂದ ತರುಣಿ ಮದರಾಸಿನಲ್ಲಿ ಹಡಗಿಳಿದು, ರೈಲು ಹತ್ತಿ, ಇಂದು ಬಂಗಾರಪೇಟೆಯೆನಿಸಿರುವ ಬೌರಿಂಗ್‌ಪೇಟೆಯಲ್ಲಿ ಇಳಿಯಬೇಕು. ಕೋಲಾರಕ್ಕೆ ಸಣ್ಣ ರೈಲು ಬಂದದ್ದು 1913ರಲ್ಲಿ. ಅದಕ್ಕೆ ಮುಂಚೆ ಎತ್ತಿನ ಗಾಡಿಯೋ ಜಟಕಾ ಬಂಡಿಯೋ ಗತಿ. ಬಂದ ಮೇಲೆ ಭಾಷೆಯ ಸಮಸ್ಯೆ. ಶಾಲೆಯಲ್ಲಿ ಕನ್ನಡ. ಶ್ರೀನಿವಾಸಪುರ, ಮುಳಬಾಗಿಲುಗಳ ಹಳ್ಳಿಗಳಿಗೆ ಹೋದರೆ ಮನೆಮಾತು ಬಹುಪಾಲು ತೆಲುಗು. ಪಟ್ಟಣದ ಮುಸಲ್ಮಾನರ ಮನೆಗಳಲ್ಲಿ ಉರ್ದು. ಚಿನ್ನದ ಗಣಿಯ ಕಾರ್ಮಿಕರ ಸಾಲುಮನೆಗಳಲ್ಲಿ ತಮಿಳು. ಒಂದು ಭಾಷೆಯನ್ನು ಕಲಿತು ಮುಗಿಸಿದೆವೆಂದುಕೊಳ್ಳುವಾಗ ಇನ್ನೊಂದು ಎದುರು ನಿಲ್ಲುತ್ತಿತ್ತು. ಎರಡು ಮೂರು ವರ್ಷ ಇದ್ದು ಹಿಂದಿರುಗಿದವರು ಇಲ್ಲಿ ಏನನ್ನೂ ಮಾಡಲಾಗುತ್ತಿರಲಿಲ್ಲ. ಇಪ್ಪತ್ತು, ಮೂವತ್ತು ವರ್ಷ ನಿಂತವರಿಂದ ಮಾತ್ರ ಕೆಲಸವಾಯಿತು.

ಹೆಣ್ಣುಮಕ್ಕಳ ಶಾಲೆ ಆಗ ಎಷ್ಟು ಅಪರೂಪವೆಂಬುದಕ್ಕೆ ಒಂದು ಅಳತೆಯನ್ನು ಕೊಡಬಹುದು. 1901ರ ಜನಗಣತಿಯ ಪ್ರಕಾರ ಮೈಸೂರು ಸಂಸ್ಥಾನದಲ್ಲಿ ನೂರು ಮಂದಿ ಹೆಂಗಸರಲ್ಲಿ ಓದುಬರಹ ಬಲ್ಲವರು ಒಬ್ಬರೂ ಆಗುತ್ತಿರಲಿಲ್ಲ. ಮೈಸೂರಿನ ಮಹಾರಾಣಿ ಬಾಲಿಕಾ ಪಾಠಶಾಲೆ ಆರಂಭವಾಗಿ ಆಗಲೇ ಇಪ್ಪತ್ತು ವರ್ಷವಾಗಿತ್ತು, ಬಿ. ಎಲ್. ರೈಸ್ ಅವರ ಹೋಬಳಿ ಶಾಲೆಗಳ ಯೋಜನೆ ಹಳ್ಳಿಗಳನ್ನು ಮುಟ್ಟಿ ಮೂವತ್ತು ವರ್ಷವಾಗಿತ್ತು. ಆದರೂ ಹೆಣ್ಣುಮಗುವಿನ ಪಾಲಿಗೆ ಶಾಲೆಯ ಬಾಗಿಲು ಮುಚ್ಚಿಯೇ ಇತ್ತು. ಮುಳಬಾಗಿಲಿನಲ್ಲಿ 1887ರಲ್ಲಿ ಡಿ. ವಿ. ಗುಂಡಪ್ಪನವರು ಹುಟ್ಟಿದರು. ಮಾಲೂರು ತಾಲ್ಲೂಕಿನ ಮಾಸ್ತಿಯ ಮನೆತನದಲ್ಲಿ 1891ರಲ್ಲಿ ವೆಂಕಟೇಶ ಅಯ್ಯಂಗಾರರು ಹುಟ್ಟಿದರು. ಕನ್ನಡ ಸಾಹಿತ್ಯಕ್ಕೆ ಈ ಎರಡು ತಾಲ್ಲೂಕುಗಳು ಕೊಟ್ಟ ಕಾಣಿಕೆಯನ್ನು ಇಡೀ ನಾಡು ಬಲ್ಲದು. ಅದೇ ವರ್ಷ, ಅದೇ ತಾಲ್ಲೂಕಿನಲ್ಲಿ ಹುಟ್ಟಿದ ಒಬ್ಬ ಹೆಣ್ಣುಮಗಳ ಹೆಸರನ್ನು ನಾವು ಹೇಳಬಲ್ಲೆವೆ? ಬುದ್ಧಿಯಲ್ಲಿ ಸಮಾನಳಾದವಳು ಇರಲಿಲ್ಲವೆಂದಲ್ಲ. ಅವಳ ಕೈಗೆ ಬಳಪ ಬರಲಿಲ್ಲ, ಅಷ್ಟೆ.

ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ತಂದೆತಾಯಿ ಇದ್ದ ಹುಡುಗಿ ಹತ್ತು ಹನ್ನೆರಡು ವರ್ಷಕ್ಕೆ ಮದುವೆಯಾಗಿ ಅತ್ತೆಯ ಮನೆ ಸೇರುತ್ತಿದ್ದಳು. ಎಲ್ಲವನ್ನೂ ಕಳೆದುಕೊಂಡ ಅನಾಥೆ ಮಾತ್ರ ಆ ವಯಸ್ಸಿನಲ್ಲಿ ಪುಸ್ತಕ ಹಿಡಿದಿದ್ದಳು. ಕೋಲಾರ ಪ್ರದೇಶದಲ್ಲಿ ಶಿಕ್ಷಕಿಯರಾಗಿ, ದಾದಿಯರಾಗಿ ಸಂಬಳ ಪಡೆದ ಮೊದಲ ತಲೆಮಾರಿನ ಹೆಂಗಸರಲ್ಲಿ ಇಂಥ ಶಾಲೆಗಳಲ್ಲಿ ಬೆಳೆದವರೂ ಸೇರಿದ್ದರು.

ಹೆರಿಗೆಯ ಕೋಣೆ

ಶಾಲೆಯ ಹಿಂದೆಯೇ ಆಸ್ಪತ್ರೆ ಬಂದಿತು. ಅದು ಬಂದದ್ದೂ ಹೆಣ್ಣುಮಕ್ಕಳ ಸಂಕಟದಿಂದಲೇ. ಹೆರಿಗೆ ಕಷ್ಟವಾದಾಗ ಗಂಡು ಡಾಕ್ಟರನ್ನು ಕರೆಯಲು ಮನೆಯವರು ಒಪ್ಪುತ್ತಿರಲಿಲ್ಲ; ಹೆಣ್ಣು ಡಾಕ್ಟರು ಇರಲಿಲ್ಲ. ಕೋಲಾರದಿಂದ ಪೂರ್ವಕ್ಕೆ, ಮುಳಬಾಗಿಲು ದಾಟಿ ಮದರಾಸು ಕಡೆಗೆ ಹೋದರೆ ಸಿಗುವ ವೆಲ್ಲೂರಿನಲ್ಲಿ 1900ರಲ್ಲಿ ಐಡಾ ಸ್ಕಡರ್ ಕೆಲಸ ಆರಂಭಿಸಿದ್ದೂ, 1918ರಲ್ಲಿ ಹೆಣ್ಣುಮಕ್ಕಳಿಗಾಗಿಯೇ ವೈದ್ಯಕೀಯ ಶಾಲೆಯನ್ನು ತೆರೆದದ್ದೂ ಇದೇ ಕಾರಣಕ್ಕೆ. ಕೋಲಾರದಲ್ಲಿ 1910ರ ಸುಮಾರಿಗೆ ತಲೆಯೆತ್ತಿದ ಆಸ್ಪತ್ರೆಗೆ ಎಲೆನ್ ಥೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆ ಎಂದು ಹೆಸರಿಟ್ಟರು. ಎಲೆನ್ ಅವರು ಲಖನೌ ಶಾಲೆಯ ಇಸಬೆಲ್ಲಾ ಥೋಬರ್ನ್ ಅವರ ಸೋದರಿ. ಡಾಕ್ಟರ್ ಮಾರ್ಗರೆಟ್ ಲೂಯಿಸ್ ಅವರ ಹೆಸರು ಈ ಆಸ್ಪತ್ರೆಯ ಆರಂಭದ ವರ್ಷಗಳೊಡನೆ ಬೆಸೆದುಕೊಂಡಿದೆ. ಜಿಲ್ಲೆಯ ಜನರಿಗೆ ಅದು ಇಂದಿಗೂ ‘ಇ. ಟಿ. ಸಿ. ಎಂ. ಆಸ್ಪತ್ರೆ’. ಮಾವಿನ ತೋಪುಗಳ ಶ್ರೀನಿವಾಸಪುರದಿಂದ, ಮಾಲೂರಿನಿಂದ, ಗಡಿಯಾಚೆಯ ಆಂಧ್ರದ ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಬರುತ್ತಿದ್ದ ಬಸುರಿಯರಿಗೆ ಆಸರೆಯಾದದ್ದು ಆ ಕಟ್ಟಡ ಮತ್ತು ಅಲ್ಲಿ ಬಿಳಿ ಉಡುಪು ತೊಟ್ಟು ನಿಂತಿದ್ದ ಕನ್ನಡದ, ತೆಲುಗಿನ ಹುಡುಗಿಯರು.

ಆ ಹುಡುಗಿಯರ ವಿಷಯವನ್ನೇ ನಾವು ಕಡಿಮೆ ಮಾತಾಡುತ್ತೇವೆ. ಮಿಷನರಿಗಳು ಸ್ವದೇಶಕ್ಕೆ ಬರೆದ ವರದಿಗಳಲ್ಲಿ ಮಿಷನರಿಯ ಹೆಸರು ಪೂರ್ತಿಯಾಗಿರುತ್ತದೆ. ಜೊತೆಗೆ ದುಡಿದ ಇಲ್ಲಿನವರಿಗೆ ‘ನಮ್ಮ ಬೈಬಲ್ ಹೆಂಗಸು’, ‘ನಮ್ಮ ಮೇಟ್ರನ್’ ಎಂಬ ಪದವಿಯಷ್ಟೇ. ಮಾತು ಕಲಿಸಿದವಳು, ಮನೆಮನೆಗೆ ಕರೆದೊಯ್ದವಳು, ರಾತ್ರಿ ಜ್ವರದ ಮಕ್ಕಳ ಪಕ್ಕದಲ್ಲಿ ಕುಳಿತವಳು, ನೂರಾರು ಮಕ್ಕಳಿಗೆ ರಾಗಿಹಿಟ್ಟು ತಿರುವಿ ಮುದ್ದೆ ಕಟ್ಟಿದವಳು ಇವರಿಲ್ಲದೆ ಕೋಲಾರದ ಮಿಷನ್ ಒಂದು ವಾರವೂ ನಡೆಯುತ್ತಿರಲಿಲ್ಲ. ನಮ್ಮ ಕಥೋಲಿಕ ವರದಿಗಳೂ ಈ ವಿಷಯದಲ್ಲಿ ಬೇರೆಯಾಗಿರಲಿಲ್ಲ.

ಕೇಳಲೇಬೇಕಾದ ಪ್ರಶ್ನೆ

ಇಷ್ಟು ಹೇಳಿದ ಮೇಲೆ ಒಂದು ಪ್ರಶ್ನೆಯನ್ನು ಎದುರಿಸದೆ ಮುಂದೆ ಹೋಗುವಂತಿಲ್ಲ. ಹಸಿದವರಿಗೆ ಅನ್ನವಿಟ್ಟು ಧರ್ಮ ಕೊಟ್ಟರು ಎಂಬ ಆಪಾದನೆ ಅಂದೂ ಇತ್ತು, ಇಂದೂ ಇದೆ. ಇದನ್ನು ಕೇಳಿದೊಡನೆ ನಾವು ಸಿಟ್ಟಾಗುತ್ತೇವೆ, ಇಲ್ಲವೆ ಸೇವೆಯ ಪಟ್ಟಿಯನ್ನು ಓದಿ ಬಾಯಿ ಮುಚ್ಚಿಸಲು ನೋಡುತ್ತೇವೆ. ಎರಡೂ ಉತ್ತರವಲ್ಲ.

ಕೋಲಾರದ ಆಸ್ಪತ್ರೆಯೊಂದರಲ್ಲಿ ಬಹುಕಾಲ ದಾದಿಯಾಗಿದ್ದು ನಿವೃತ್ತರಾದ ಒಬ್ಬ ಹಿರಿಯ ತಾಯಿಯೊಡನೆ ಈ ವಿಷಯವನ್ನು ಮಾತಾಡುವ ಅವಕಾಶ ನನಗೆ ಸಿಕ್ಕಿತ್ತು. ಅವರು ಮೆಥೋಡಿಸ್ಟ್ ಸಭೆಯವರು. ಅವರ ಮುತ್ತಜ್ಜಿ ಬರಗಾಲದಲ್ಲಿ ಅನಾಥಾಲಯ ಸೇರಿದ ಮಗು.

“ನಮ್ಮ ಮುತ್ತಜ್ಜೀಗೆ ತನ್ನ ಊರು ಯಾವುದು ಅಂತ ಗೊತ್ತಿರಲಿಲ್ಲ ಫಾದರ್” ಎಂದರು ಅವರು. “ಮನೆ ಮುಂದೆ ಒಂದು ಹುಣಿಸೇಮರ, ಅದರಾಚೆ ಕೆರೆ ಏರಿ. ಅಷ್ಟೇ ಜ್ಞಾಪಕ ಅಂತಿದ್ದರಂತೆ. ನಮ್ಮ ಜಿಲ್ಲೇಲಿ ಹುಣಿಸೇಮರ ಇಲ್ಲದ ಊರು ಯಾವುದು, ಕೆರೆ ಇಲ್ಲದ ಊರು ಯಾವುದು?”

“ಸಾಕಿದವರ ಮೇಲೆ ನಿಮಗೆ ಬೇಸರ ಇದೆಯೇನಮ್ಮಾ?” ಎಂದು ಕೇಳಿದೆ.

“ಬೇಸರ ಯಾಕೆ ಫಾದರ್, ಜೀವ ಉಳಿಸಿದವರು. ನಾನು ಇವತ್ತು ನಿಮ್ಮ ಮುಂದೆ ಕೂತಿರೋದೇ ಅವರಿಂದ. ಆದರೆ ಹೊಸ ಹೆಸರು ಬರೆದುಕೊಂಡಾಗ ಹಳೇ ಹೆಸರನ್ನೂ ಪಕ್ಕದಲ್ಲಿ ಒಂದು ಸಾಲು ಬರೆದಿಡಬಹುದಾಗಿತ್ತು. ಅಮ್ಮ ಏನಂತ ಕರೀತಿದ್ದರೋ ಆ ಹೆಸರು.”

ಚರಿತ್ರೆಯನ್ನು ಓದಿದ ನಾವು ಇದಕ್ಕೆ ಸಮಾಧಾನಗಳನ್ನು ಹುಡುಕಬಹುದು. ಎಷ್ಟೋ ಮಕ್ಕಳು ಹೆಸರು ಹೇಳಲಾಗದಷ್ಟು ಚಿಕ್ಕವರಾಗಿದ್ದರು. ದಿನಕ್ಕೆ ಹತ್ತಾರು ಮಕ್ಕಳು ಬಂದು, ಅವರಲ್ಲಿ ಕೆಲವರು ಅಂದೇ ಸಾಯುತ್ತಿದ್ದಾಗ ಪುಸ್ತಕ ಬರೆಯಲು ಯಾರಿಗೆ ಪುರುಸೊತ್ತಿತ್ತು? ಇವೆಲ್ಲ ನಿಜ. ಆದರೂ ಆ ತಾಯಿ ಕೇಳಿದ ಒಂದು ಸಾಲು ನ್ಯಾಯವಾದದ್ದೇ. ಜ್ಞಾನಸ್ನಾನದ ಹೆಸರು ಹಳೆಯ ಹೆಸರನ್ನು ಅಳಿಸಿಹಾಕಬೇಕೆಂಬ ನಿಯಮವೇನೂ ಧರ್ಮಸಭೆಯಲ್ಲಿಲ್ಲ.

ಐದು ವರ್ಷದ ಮಗು ಧರ್ಮವನ್ನು ಆರಿಸಿಕೊಂಡಿತೆಂದು ಯಾರೂ ಹೇಳಲಾರರು. ಸಾಕಿದವರ ವಿಶ್ವಾಸದಲ್ಲಿ ಅದು ಬೆಳೆಯಿತು, ಅಷ್ಟೆ. ಆ ಮಗುವನ್ನು ರಸ್ತೆಯ ಬದಿಯಲ್ಲಿ ಬಿಟ್ಟಿದ್ದರೆ ಆರಿಸಿಕೊಳ್ಳಲು ಅದು ಉಳಿಯುತ್ತಲೂ ಇರಲಿಲ್ಲ. ಈ ಎರಡು ಸತ್ಯಗಳಲ್ಲಿ ಒಂದನ್ನು ಹಿಡಿದು ಇನ್ನೊಂದನ್ನು ಬಿಡುವುದು ಸುಲಭ. ಎರಡನ್ನೂ ಹಿಡಿದಿರುವುದು ಪ್ರಾಮಾಣಿಕತೆ. ನನ್ನ ಮಟ್ಟಿಗೆ, ಅನಾಥಾಲಯವೊಂದನ್ನು ತೂಗುವ ಕಲ್ಲು ಇದು: ಅಲ್ಲಿ ಬೆಳೆದ ಹುಡುಗಿ ಹದಿನೆಂಟು ವರ್ಷದವಳಾದಾಗ ತನ್ನ ಕಾಲ ಮೇಲೆ ನಿಂತು, ಬೇಕಾದರೆ ಬಾಗಿಲು ತೆರೆದುಕೊಂಡು ಹೊರಗೆ ಹೋಗಬಲ್ಲವಳಾಗಿದ್ದಳೆ? ಅಕ್ಷರ ಮತ್ತು ಕಸುಬು ಕೈಯಲ್ಲಿದ್ದವಳು ಹೋಗಬಲ್ಲಳು. ಬರಿಯ ಅನ್ನ ಉಂಡು ಬೆಳೆದವಳು ಹೋಗಲಾರಳು. ಮಕ್ಕಳಿಗೆ ಗಂಜಿಯ ಜೊತೆ ಬಳಪವನ್ನೂ ಕೊಟ್ಟವರು ತಿಳಿದೋ ತಿಳಿಯದೆಯೋ ಆ ಬಾಗಿಲಿನ ಕೀಲಿಕೈಯನ್ನು ಅವರಿಗೇ ಒಪ್ಪಿಸಿದರು.

ಇನ್ನೊಂದು ಮಾತನ್ನೂ ಹೇಳಬೇಕು. ಆ ಕಾಲದಲ್ಲಿ ಕಥೋಲಿಕರೂ ಪ್ರೊಟೆಸ್ಟಂಟರೂ ಒಬ್ಬರನ್ನೊಬ್ಬರು ಅನುಮಾನದಿಂದಲೇ ಕಾಣುತ್ತಿದ್ದರು. ಒಬ್ಬರ ಶಾಲೆಯ ಯಶಸ್ಸು ಇನ್ನೊಬ್ಬರ ಕಣ್ಣಿಗೆ ಸೋಲಾಗಿತ್ತು. ಹಸಿದು ಬಂದ ಮಗುವಿಗೆ ಈ ಭೇದ ತಿಳಿದಿರಲಿಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಕ್ರೈಸ್ತ ಐಕ್ಯದ ಬಗೆಗಿನ ತೀರ್ಪನ್ನು ಪ್ರಕಟಿಸಿ, ಬೇರ್ಪಟ್ಟ ಸೋದರರಲ್ಲಿರುವ ಒಳಿತನ್ನು ಸಂತೋಷದಿಂದ ಗುರುತಿಸಬೇಕೆಂದು ನಮಗೆ ಕಲಿಸಿತು. ಸಮಾರ್ಯದವನ ಸಾಮತಿಯನ್ನು ಪ್ರತಿ ವರ್ಷ ಪ್ರಬೋಧಿಸುವ ನಾವು, ಗಾಯಗೊಂಡವನನ್ನು ಎತ್ತಿದವನು ನಮ್ಮ ಪಂಗಡದವನಲ್ಲ ಎಂಬ ಅಂಶವೇ ಅದರ ತಿರುಳೆಂಬುದನ್ನು ಕೋಲಾರದ ಚರಿತ್ರೆಯಿಂದಲೂ ಕಲಿಯಬಹುದು.

ಬಂದವರು ಹೋದ ಮೇಲೆ

ಸ್ವಾತಂತ್ರ್ಯಾನಂತರ ವಿದೇಶಿ ಮಿಷನರಿಗಳ ಸಂಖ್ಯೆ ಕ್ರಮೇಣ ಇಳಿಯಿತು. ವಯಸ್ಸಾದವರು ನಿವೃತ್ತರಾದರು, ಹೊಸಬರಿಗೆ ಅನುಮತಿ ಸಿಗುವುದು ಕಷ್ಟವಾಯಿತು. 1981ರಲ್ಲಿ ಭಾರತದ ಮೆಥೋಡಿಸ್ಟ್ ಸಭೆ ಸ್ವಾಯತ್ತವಾಯಿತು. ನಮ್ಮಲ್ಲೂ ಹೀಗೆಯೇ: 1940ರಲ್ಲಿ ಬೆಂಗಳೂರು ಪ್ರತ್ಯೇಕ ಧರ್ಮಪ್ರಾಂತ್ಯವಾಯಿತು, 1953ರಲ್ಲಿ ಮಹಾಧರ್ಮಪ್ರಾಂತ್ಯವಾಯಿತು, ಫ್ರೆಂಚ್ ಗುರುಗಳ ಜಾಗದಲ್ಲಿ ನಾಡಿನ ಗುರುಗಳು ನಿಂತರು. ಬಿಟ್ಟುಕೊಡಲು ಮುಂಚಿನಿಂದಲೇ ಸಿದ್ಧರಾಗಿದ್ದವರ ಕೆಲಸ ಉಳಿಯಿತು. ಎಲ್ಲ ಕೀಲಿಕೈಗಳನ್ನೂ ಕೊನೆಯವರೆಗೆ ತಮ್ಮ ಸೊಂಟದಲ್ಲೇ ಇಟ್ಟುಕೊಂಡವರ ಕೆಲಸ ಸೊರಗಿತು.

ಜಿಲ್ಲೆಯೂ ಬದಲಾಯಿತು. 2001ರಲ್ಲಿ ಚಿನ್ನದ ಗಣಿ ಮುಚ್ಚಿತು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಯಿತು. ಕೆರೆಗಳು ಬತ್ತಿ, ಕೊಳವೆ ಬಾವಿಗಳು ಸಾವಿರ ಅಡಿಯನ್ನೂ ಮೀರಿ ಇಳಿದವು. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ಹಸಿವಿನ ರೂಪವೂ ಬೇರೆಯಾಗಿದೆ. ಇಂದು ಧಾತು ಈಶ್ವರದಂಥ ಬರ ಬಂದರೆ ಪಡಿತರವಿದೆ. ಕರ್ನಾಟಕದಲ್ಲಿ 2002ರಲ್ಲಿ ಆರಂಭವಾದ ಅಕ್ಷರ ದಾಸೋಹ ಯೋಜನೆ ಸರಕಾರಿ ಶಾಲೆಯ ಮಗುವಿಗೆ ಮಧ್ಯಾಹ್ನ ಬಿಸಿಯೂಟವನ್ನು ಕೊಡುತ್ತಿದೆ. ಅನ್ನ ಮತ್ತು ಅಕ್ಷರ ಒಂದೇ ಸೂರಿನಡಿ ಇರಬೇಕೆಂಬ, ಕ್ಷಾಮದ ಅನಾಥಾಲಯಗಳು ಅನಿವಾರ್ಯವಾಗಿ ಕಂಡುಕೊಂಡಿದ್ದ ಪಾಠ ಇಂದು ಸರಕಾರದ ನೀತಿಯಾಗಿದೆ. 2006ರಿಂದ ಹಲವು ವರ್ಷಗಳ ಕಾಲ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಸಿಕ್ಕಿತು; ಹಳ್ಳಿಯ ಹುಡುಗಿಯರು ಸಾಲಾಗಿ ಸೈಕಲ್ ತುಳಿದುಕೊಂಡು ಪ್ರೌಢಶಾಲೆಗೆ ಹೋಗುವ ನೋಟವನ್ನು ಶ್ರೀನಿವಾಸಪುರದ ರಸ್ತೆಯಲ್ಲಿ ಕಂಡವರು ಮರೆಯಲಾರರು. ಇದನ್ನು ಯಾವ ಮಿಷನ್ನೂ ಒಬ್ಬಂಟಿಯಾಗಿ ಮಾಡಲಾಗುತ್ತಿರಲಿಲ್ಲ, ಸಂತೋಷದಿಂದ ಒಪ್ಪಿಕೊಳ್ಳೋಣ.

ಹಾಗೆಂದು ಕೆಲಸ ಮುಗಿದಿಲ್ಲ. ಹತ್ತನೆಯ ತರಗತಿ ಮುಗಿಯುತ್ತಿದ್ದಂತೆ ‘ಇನ್ನು ಸಾಕು, ಗಂಡು ನೋಡೋಣ’ ಎನ್ನುವ ಮನೆಗಳು ಇಂದಿಗೂ ಇವೆ. ನಮ್ಮ ಧರ್ಮಕೇಂದ್ರಗಳಲ್ಲೂ ಇವೆ. ಬಾಲ್ಯವಿವಾಹವನ್ನು ತಡೆಯುವ 2006ರ ಕಾನೂನು ಪುಸ್ತಕದಲ್ಲಿದ್ದರೆ ಸಾಲದು, ಪಕ್ಕದ ಮನೆಯ ಹುಡುಗಿಯ ವಿಷಯದಲ್ಲಿ ಬಾಯಿ ತೆರೆಯುವ ಧೈರ್ಯ ನಮಗೆ ಬೇಕು.

ಇತಿಹಾಸದ ದಾರಿ ಈಗ ತಿರುಗಿದೆ. ಅಂದು ಹಡಗಿನಲ್ಲಿ ತರುಣಿಯರು ಇಲ್ಲಿಗೆ ಬಂದರು. ಇಂದು ಕರ್ನಾಟಕದ ಧರ್ಮಭಗಿನಿಯರು ಹೊರದೇಶಗಳಿಗೆ ಹೋಗುತ್ತಿದ್ದಾರೆ. 1921ರಲ್ಲಿ ಮಂಗಳೂರಿನಲ್ಲಿ ಗುರು ರೇಮಂಡ್ ಮಸ್ಕರೇನ್ಹಸ್ ಅವರು ಸ್ಥಾಪಿಸಿದ ಬೆಥನಿ ಸಭೆಯ, 1870ರಲ್ಲಿ ಮಂಗಳೂರಿಗೆ ಬಂದ ಅಪೊಸ್ತಲಿಕ್ ಕಾರ್ಮೆಲ್ ಸಭ��ಯ ಸೋದರಿಯರು ಆಫ್ರಿಕದಂಥ ದೂರದ ನಾಡುಗಳ ಶಾಲೆಗಳಲ್ಲಿ, ಚಿಕಿತ್ಸಾಲಯಗಳಲ್ಲಿ ದುಡಿಯುತ್ತಾರೆ. ನಮ್ಮ ತರುಣ ತರುಣಿಯರಲ್ಲಿ ಕೆಲವರು ಆರು ತಿಂಗಳು, ಒಂದು ವರ್ಷ ಸ್ವಯಂಸೇವಕರಾಗಿ ಹೋಗಿ ಬರುವುದೂ ಉಂಟು. ಹೋಗುವವರಿಗೆ ಕೋಲಾರದ ಕಥೆ ಉಪಯೋಗವಾದೀತು. ಆ ಊರಿನ ಮಾತನ್ನು ಕಲಿಯಿರಿ; ಒಂದು ಸಾಲದಿದ್ದರೆ ಎರಡು. ನೀವು ಹೊರಟ ಮೇಲೆ ನಡೆಯುವ ಕೆಲಸವನ್ನೇ ಮಾಡಿ. ಜೊತೆಗೆ ದುಡಿದವರ ಹೆಸರನ್ನು ನಿಮ್ಮ ಪತ್ರದಲ್ಲಿ ಪೂರ್ತಿಯಾಗಿ ಬರೆಯಿರಿ. ಮಗು ಹೇಳುವ ಹೆಸರನ್ನು, ಅದರ ಊರನ್ನು, ಅದರ ಮನೆಯ ಮುಂದಿನ ಮರವನ್ನು ಕೂಡ ಬರೆದಿಡಿ.

ಊರಲ್ಲೇ ಉಳಿಯುವವರಿಗೂ ಕೆಲಸವಿದೆ. ನಮ್ಮ ಮನೆಗಳಲ್ಲಿ ಎಂಬತ್ತು ದಾಟಿದ ಅಜ್ಜಿಯಂದಿರಿದ್ದಾರೆ. ತಮ್ಮ ಅಜ್ಜಿ ಯಾವ ಊರಿಂದ ಬಂದರು, ಯಾರ ಹತ್ತಿರ ಅಕ್ಷರ ಕಲಿತರು, ಮೊದಲ ಸಂಬಳವೆಷ್ಟು ಎಂಬುದು ಅವರಿಗೆ ಇನ್ನೂ ಅಷ್ಟಿಷ್ಟು ನೆನಪಿದೆ. ಈ ಮಳೆಗಾಲದ ಒಂದು ಭಾನುವಾರ ಪೂಜೆ ಮುಗಿಸಿ ಬಂದ ಮೇಲೆ, ಟೀವಿಯನ್ನು ಆರಿಸಿ, ಮೊಮ್ಮಗಳ ಕೈಗೆ ಒಂದು ನೋಟುಪುಸ್ತಕವನ್ನು ಕೊಟ್ಟು ಅಜ್ಜಿಯ ಪಕ್ಕದಲ್ಲಿ ಕೂರಿಸಿ. ಅವರು ಹೇಳಲಿ, ಇವಳು ಬರೆಯಲಿ.